ವಾದಳನಿಗೆ ಶಾಂತಿಪಾಠ

ಅಶ್ವದ ಮುಖವನ್ನು ತಾಳಿ, ಕಡಲ ತಳದಲ್ಲಿ ಅಡಗಿಹೋಗಿದ್ದ ವೇದಗಳನ್ನು ಮೇಲೆತ್ತಿ ತಂದು, ಲೋಕದಲ್ಲಿ ವಿದ್ಯೆಯೆಂಬುದು ಉಳಿಯುವಂತೆ ಮಾಡಿದ ಹಯಗ್ರೀವಸ್ವಾಮಿಗೆ ಮೊದಲ ವಂದನೆ. ಆ ಸ್ವಾಮಿಯನ್ನು ದಿನವೂ ಕಡಲೆಬೇಳೆ ಬೆಲ್ಲಗಳ ನೈವೇದ್ಯದಿಂದ ಅರ್ಚಿಸುತ್ತ, ಜೀವಂತ ಕುದುರೆಯೊಂದು ಬೀದಿಯಲ್ಲಿ ಎದುರಾದರೆ ಮಾತ್ರ ಹತ್ತಿರದ ಔಷಧದ ಅಂಗಡಿಯನ್ನು ಹೊಕ್ಕು, ಬೇಡದ ಗುಳಿಗೆಗಳನ್ನು ಕೊಂಡು ಹೊರಬರುತ್ತಿದ್ದ ಒಬ್ಬ ಭಕ್ತನ ಕತೆಯಿದು. ಸ್ವಾಮಿಯು ಸಿಟ್ಟಾಗದೆ, ನಗುತ್ತ ಕೇಳಲಿ.

ಭಕ್ತನ ಹೆಸರು ಪಂಢರಿನಾಥ ಕಟಗೇರಿ. ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದವರು. ಶಿವಾಜಿನಗರದ ಕಾಲೇಜೊಂದರಲ್ಲಿ ಹನ್ನೆರಡು ವರ್ಷಗಳಿಂದ ಹಂಗಾಮಿ ಸಂಸ್ಕೃತ ಅಧ್ಯಾಪಕರು. ಬೇಸಿಗೆ ಬಂತೆಂದರೆ ಅವರ ನೌಕರಿ ಒಣಗುತ್ತಿತ್ತು. ಮೊದಲ ಮಳೆ ಬಿದ್ದೊಡನೆ ಸಹ್ಯಾದ್ರಿಯ ಹುಲ್ಲಿನಂತೆ ಮತ್ತೆ ಚಿಗುರುತ್ತಿತ್ತು. ಕಾಯಂ ಆಗುವ ಆಸೆಯೊಂದೇ ಎಲ್ಲ ಋತುಗಳಲ್ಲಿಯೂ ಹಸಿರಾಗಿತ್ತು.

ಇಂಥ ನಿರುಪದ್ರವಿ ಮನುಷ್ಯನನ್ನು ಸಂಕಟಕ್ಕೆ ಸಿಲುಕಿಸಿದ್ದು ಒಂದು ಉಪನ್ಯಾಸ. ಮೂರು ವಾರಗಳ ಹಿಂದೆ ಕನ್ನಡ ಸಂಘದ ಸಭೆಯಲ್ಲಿ ಅವರು ‘ಪ್ರಾಚೀನರ ಅಶ್ವವಿದ್ಯೆ’ ಎಂಬ ವಿಷಯವಾಗಿ ಮಾತನಾಡಿದ್ದರು. ಕೇಳಲು ಬಂದವರು ಹನ್ನೊಂದು ಮಂದಿ. ಅವರಲ್ಲಿ ನಾಲ್ವರು ಉಪ್ಪಿಟ್ಟಿಗಾಗಿ ಬಂದವರು, ಇಬ್ಬರು ದಾರಿ ತಪ್ಪಿ ಬಂದವರು. ಅಶ್ವದ ಚಿತ್ತವು ಕದಡಿದಾಗ ಅದನ್ನು ಮಧುರವಾದ ವಚನಗಳಿಂದ ಸಂತೈಸಬೇಕೆಂದು ಪಂಢರಿನಾಥರು ಗಂಭೀರವಾಗಿ ನುಡಿದರು. ಅದನ್ನು ಅವರು ಓಲೆಗರಿಗಳಲ್ಲಿ ಓದಿ ತಿಳಿದಿದ್ದರೇ ಹೊರತು ಲಾಯದಲ್ಲಿ ನಿಂತು ಕಲಿತಿರಲಿಲ್ಲ.

ಉಪ್ಪಿಟ್ಟಿಗಾಗಿ ಬಂದ ನಾಲ್ವರಲ್ಲಿ ಮಧುಕರ್ ಒಬ್ಬ. ಪಂಢರಿನಾಥರ ಮನೆಯ ಮೇಲಿನ ಮಾಳಿಗೆಯಲ್ಲಿ ಅವನ ವಾಸ. ಅವರದೇ ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ಅನ್ಯರ ಕೆಲಸವನ್ನು ತನ್ನದೆಂದೂ ತನ್ನ ಕೆಲಸವನ್ನು ಅನ್ಯರದೆಂದೂ ಭಾವಿಸುವ ಉದಾರಿ. ಮರುದಿನವೇ ಅವನು ಸಂಸ್ಥೆಯ ಅಧ್ಯಕ್ಷರಾದ ಅಪ್ಪಾಸಾಹೇಬರ ಕಿವಿಯಲ್ಲಿ, “ನಮ್ಮ ಆಚಾರ್ರು ಕುದುರಿ ಶಾಂತ ಮಾಡೋ ವಿದ್ಯಾ ಬಲ್ಲವರದಾರ್ರಿ” ಎಂದು ಊದಿಬಿಟ್ಟ.

ಅಪ್ಪಾಸಾಹೇಬರಿಗೆ ಬೇಕಾದದ್ದೂ ಅದೇ. ಬೆಳಗಾವಿಯ ಕಡೆಯಿಂದ ಬಂದು, ಶಾಲೆ ಕಾಲೇಜುಗಳನ್ನು ಕಟ್ಟಿ ಬೆಳೆದ ಅವರ ಬಳಿ ಒಂದು ಕಂದುಬಣ್ಣದ ಕುದುರೆಯಿತ್ತು. ಅದಕ್ಕೆ ಅವರೇ ‘ವಾದಳ’ ಎಂದು ಹೆಸರಿಟ್ಟಿದ್ದರು. ವಾದಳವೆಂದರೆ ಮರಾಠಿಯಲ್ಲಿ ಬಿರುಗಾಳಿ. ಬಿರುಗಾಳಿಯೆಂದು ಹೆಸರಿಟ್ಟ ಮೇಲೆ, ಅದು ಶಾಂತವಾಗಿಲ್ಲವೆಂದು ಕೊರಗುವುದೂ ಅವರ ಅಭ್ಯಾಸವಾಗಿತ್ತು. ಪುಣೆಯ ಆಚೆ ಶಿರೂರಿನ ಹತ್ತಿರದ ತೋಟದಲ್ಲಿ ವಾದಳನು ಎಷ್ಟು ಎತ್ತರದ ಬೇಲಿಯನ್ನಾದರೂ ಹೂವಿನಂತೆ ಹಾರುತ್ತಿದ್ದ. ಸ್ಪರ್ಧೆಯ ಮೈದಾನವನ್ನು ಹೊಕ್ಕನೆಂದರೆ ಬುದ್ಧಿಯೇ ಬೇರೆ. ಹಿಂದಿನ ಸಲ ಬಲೂನೊಂದನ್ನು ಕಂಡು ಬೆದರಿ, ಸವಾರಳಾದ ಅಪ್ಪಾಸಾಹೇಬರ ಮಗಳು ಹರ್ಷದಾಳನ್ನು ಕೆಡವಿ, ಗಣ್ಯರ ಚಪ್ಪರದೊಳಗೆ ನುಗ್ಗಿ, ಮುಖ್ಯ ಅತಿಥಿಗಳಿಗೆಂದು ತಂದಿಟ್ಟ ಹಾರವನ್ನು ಅವರ ಎದುರಿಗೇ ತಿಂದು ಮುಗಿಸಿದ್ದ.

ಆ ಭಾನುವಾರ ಖಡಕಿಯ ಆಚೆಯ ಮೈದಾನದಲ್ಲಿ ಮತ್ತೊಂದು ಸ್ಪರ್ಧೆ. ಬೆಳಗಿನ ಆರಕ್ಕೆ ಪಂಢರಿನಾಥರು ಸಂಧ್ಯಾವಂದನೆಯನ್ನು ಮುಗಿಸಿ, ನಿತ್ಯದ ಸಹಸ್ರನಾಮ ಪಾರಾಯಣಕ್ಕೆ ತೊಡಗಿ, ಅರ್ಧಕ್ಕೆ ಬಂದಿದ್ದರು. ಮಧುಕರ್ ಬಾಗಿಲನ್ನು ಬಡಿಯದೆ ಒಳಗೆ ಬಂದ.

“ಆಚಾರ್ರ, ಏಳ್ರಿ ಏಳ್ರಿ! ಸಾಹೇಬ್ರು ಕಾರು ಕಳ್ಸ್ಯಾರ. ಕುದುರಿ ಶಾಂತ ಮಾಡ್ಲಿಕ್ಕೆ ನಿಮ್ಮನ್ನ ಕರಕೊಂಡು ಬಾ ಅಂದಾರ.”

ಪಾರಾಯಣದ ನಡುವೆ ಅನ್ಯ ಮಾತನ್ನು ಆಡಬಾರದೆಂಬುದು ಪಂಢರಿನಾಥರ ಮನೆತನದ ನಿಯಮ. ಅವರು ಕಣ್ಣಿನಿಂದಲೇ ‘ಆಗದು’ ಎಂದರು.

“ಕಣ್ಣು ತೆಗೀಬ್ಯಾಡ್ರಿ ನನ್ನ ಮ್ಯಾಲೆ. ನಿಮ್ಮ ಕಾಯಂ ಆರ್ಡರು ನಾನ ಟೈಪ್ ಮಾಡೇನಿ. ಸಾಹೇಬ್ರ ಕೋಟಿನ ಕಿಸೇದಾಗ ಅದ. ಇವತ್ತ ಕುದುರಿ ನೆಟ್ಟಗ ಜಿಗಿದ್ರ ಇವತ್ತ ಸಹಿ. ಇಲ್ಲಾಂದ್ರ ಮುಂದಿನ ವರ್ಷ ಸಂಸ್ಕೃತ ವಿಭಾಗಾನ ಇರೂದಿಲ್ಲ. ಆ ಖೋಲಿ ಕ್ಯಾಂಟೀನಿಗೆ ಬೇಕಂತ.”

ಪಂಢರಿನಾಥರು ಪುಸ್ತಕಕ್ಕೆ ಕೈಮುಗಿದು, ದೇವರಲ್ಲಿ ಕ್ಷಮೆ ಬೇಡಿ, ಪಾರಾಯಣವನ್ನು ಅರ್ಧದಲ್ಲಿಯೇ ನಿಲ್ಲಿಸಿ ಎದ್ದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಶಾಮಲಾ ಒದ್ದೆ ಕೈಯಿಂದಲೇ ನಿಂತಿದ್ದಳು.

“ಅಲ್ರಿ, ನೀವು ಕುದುರಿ ಶಾಂತ ಮಾಡ್ತೀರಿ?” ಎಂದಳು. “ನಮ್ಮ ಮದುವಿ ಮೆರವಣಿಗ್ಯಾಗ ಕುದುರಿ ಮ್ಯಾಲೆ ಕೂಡ್ಲಿಕ್ಕೆ ಒಲ್ಲೆ ಅಂತ ಓಣಿ ತುಂಬ ಓಡ್ಯಾಡಿದವರು ನೀವ. ಕಡೀಕೆ ಕುದುರಿ ಮ್ಯಾಲೆ ನಿಮ್ಮ ಪೇಟಾ ಒಂದ ಕೂತು ಬಂತು. ನಮ್ಮ ಅಜ್ಜಿ ಅದಕ್ಕ ಆರತಿ ಎತ್ತಿದ್ಲು.”

“ಅದು ಲೌಕಿಕ ಕುದುರಿ, ಶಾಮಲಾ. ಇದು ಶಾಸ್ತ್ರದ ಮಾತು.”

“ಒದೀಲಿಕ್ಕೆ ಅದಕ್ಕೇನು ಶಾಸ್ತ್ರ ಬೇಕ್ರಿ? ಹೋಗಿ ಬರ್ರಿ. ಸಹಿ ಆಗೋತನಕ ಮಾತ್ರ ಮನೀಗೆ ಬರಬ್ಯಾಡ್ರಿ.”

ಮೈದಾನದ ಅಂಚಿನಲ್ಲಿ ಸಾಲಾಗಿ ಕಟ್ಟಿದ ತಾತ್ಕಾಲಿಕ ಲಾಯಗಳು. ಧ್ವನಿವರ್ಧಕವು ಯಾರದೋ ಕಳೆದುಹೋದ ಬೀಗದ ಕೈಯ ವಿಷಯವನ್ನು ಘೋಷಿಸುತ್ತಿತ್ತು. ವಾದಳನು ತನ್ನ ಗೂಡಿನಲ್ಲಿ ಗಿರಗಿರನೆ ತಿರುಗುತ್ತ, ಕಣ್ಣಿನ ಬಿಳಿಯನ್ನು ಕಾಣಿಸುತ್ತ, ಸಾಣೆಗೆ ಹಿಡಿದ ಕತ್ತಿಯಂತೆ ಕಿಡಿ ಕಾರುತ್ತಿದ್ದ. ಅವನ ಸುತ್ತ, ವಾದಳನಿಗಿಂತ ಹೆಚ್ಚು ಕಂಗೆಟ್ಟವರ ಗುಂಪು. ಅಪ್ಪಾಸಾಹೇಬರು ಎರಡು ಫೋನುಗಳಲ್ಲಿ ಒಟ್ಟಿಗೆ ಬೈಯುತ್ತಿದ್ದರು. ಹರ್ಷದಾ ಟೊಪ್ಪಿಗೆಯ ಪಟ್ಟಿಯನ್ನು ಬಿಗಿಯುವುದು, ಬಿಚ್ಚುವುದು, ಮತ್ತೆ ಬಿಗಿಯುವುದು. ಕುದುರೆಯನ್ನು ನೋಡಿಕೊಳ್ಳುವ ಮುದುಕ ಮಾಂತು ಒಬ್ಬನೇ ಹುಲ್ಲಿನ ಪೆಂಡಿಯ ಮೇಲೆ ಕುಳಿತು, ತಂಬಾಕನ್ನು ತಿಕ್ಕುತ್ತ ಸಮಾಧಾನವಾಗಿದ್ದ.

ಅಲ್ಲಿ ಇನ್ನೊಬ್ಬ ತಜ್ಞನೂ ಇದ್ದ. ಬೆಂಗಳೂರಿನಿಂದ ಬಂದ ಸುಹಾಸ. ಕುದುರೆಗಳಿಗೆ ಮನಃಶಾಂತಿಯ ತರಬೇತಿ ಕೊಡುವವನು. ಅವನ ಕೈಯಲ್ಲಿ ಒಂದು ಟ್ಯಾಬು, ಕೊರಳಲ್ಲಿ ಮೂರು ಬಗೆಯ ಮಣಿಸರ.

“ಸರ್, ಇದು ಪ್ಯೂರ್ ಪರ್ಫಾರ್ಮೆನ್ಸ್ ಆಂಗ್ಸೈಟಿ,” ಎಂದ ಅವನು ಪಂಢರಿನಾಥರ ಕೈ ಕುಲುಕಿ. “ಹಾರ್ಸ್ ಪಾಸ್ಟ್‌ನಲ್ಲಿ ಬದುಕ್ತಾ ಇದೆ. ನಾನು ಪ್ರೆಸೆಂಟ್‌ಗೆ ಕರ್ಕೊಂಡು ಬರ್ತಾ ಇದೀನಿ.”

“ಕಟ್ಟಿ ಎಳಕೊಂಡ ಬರ್ರಿ,” ಎಂದ ಮಾಂತು, ಕುಳಿತಲ್ಲಿಂದಲೇ. “ಶಿರೂರಿಂದ ಇಲ್ಲೀತನಕ ನಾ ಹಂಗ ತಂದೇನಿ.”

ಸುಹಾಸನು ವಾದಳನ ಕಿವಿಗಳಿಗೆ ಹೆಡ್‌ಫೋನು ತೊಡಿಸಿ ನದಿಯ ಸದ್ದನ್ನು ಕೇಳಿಸಿದ. ವಾದಳನು ನದಿಯನ್ನು ಒಂದೇ ಕೊಡವಿಗೆ ನೆಲಕ್ಕೆ ಕೆಡವಿ ತುಳಿದ. ಸುಹಾಸನು ಯಾವುದೋ ಹೂವಿನ ತೈಲವನ್ನು ಮೂಗಿನ ಬಳಿ ಹಿಡಿದ. ವಾದಳನು ಸೀನಿದ. ಕುದುರೆಯ ಸೀನನ್ನು ಹತ್ತಿರದಿಂದ ಅನುಭವಿಸಿದವರು ಆ ದಿನವನ್ನು ಮರೆಯುವುದಿಲ್ಲ; ಸುಹಾಸನ ಕನ್ನಡಕ, ಅಂಗಿ, ಮೂರು ಮಣಿಸರ ಎಲ್ಲಕ್ಕೂ ಪ್ರೋಕ್ಷಣೆಯಾಯಿತು.

ಸುಹಾಸನು ಧೃತಿಗೆಡದೆ ಟ್ಯಾಬನ್ನು ಒರೆಸಿ ನೋಡಿದ. “ಸೀ! ಗ್ರಾಫ್ ನೋಡಿ ಸರ್. ನೈಂಟಿ ಟೂ ಪರ್ಸೆಂಟ್ ಕಾಮ್.”

ಆ ಕ್ಷಣದಲ್ಲಿಯೇ ಶೇಕಡ ತೊಂಬತ್ತೆರಡು ಶಾಂತನಾಗಿದ್ದ ವಾದಳನು ಹಿಂಗಾಲಿನಿಂದ ನೀರಿನ ಬಕೀಟನ್ನು ಒದ್ದ. ಅದು ಮಧುಕರನ ತಲೆಯ ಮೇಲಿಂದ ಪುಷ್ಪಕವಿಮಾನದಂತೆ ಸಾಗಿ, ಅಪ್ಪಾಸಾಹೇಬರ ಕಾರಿನ ಗಾಜಿನ ಮೇಲೆ ಇಳಿಯಿತು.

“ಸಾಕು!” ಎಂದು ಗರ್ಜಿಸಿದರು ಅಪ್ಪಾಸಾಹೇಬರು. “ಮಾಸ್ತರ ಎಲ್ಲಿ? ಏ ಮಾಸ್ತರ, ಬರ್ರಿ ಇಲ್ಲೆ. ನಿಮ್ಮ ಪಾಳಿ ಈಗ.”

ಪಂಢರಿನಾಥರು ಮೂರು ಕಾರುಗಳ ಹಿಂದಿನಿಂದ ಕಾಣಿಸಿಕೊಂಡರು. “ಸಾಹೇಬ್ರ, ಶಾಸ್ತ್ರದ ಪ್ರಕಾರ ಮೊದಲಿಗೆ ದೂರದಿಂದ ಅವಲೋಕನ ಅಂತ ಒಂದು ಕ್ರಮ...”

“ಅರೇ, ಅವಲೋಕನ ಆತಲ್ರಿ! ಬಕೀಟ ನೋಡಿದ್ರಿಲ್ಲೊ? ಇನ್ನ ಅರ್ಧಾ ತಾಸಿಗೆ ನಮ್ಮ ನಂಬರ. ಆರ್ಡರ ಇಲ್ಲೇ ಅದ, ಪೆನ್ನೂ ಇಲ್ಲೇ ಅದ.” ಅವರು ಕೋಟಿನ ಕಿಸೆಯನ್ನು ತಟ್ಟಿ ತೋರಿಸಿದರು. “ಒಳಗ ಹೋಗ್ರಿ.”

ಮಧುಕರ್ ಪರೋಪಕಾರಬುದ್ಧಿಯಿಂದ ಹಿಂದಿನಿಂದ ನೂಕಿದ. ಅಪ್ಪಾಸಾಹೇಬರು ಬಾಗಿಲೆಳೆದು ಚಿಲಕ ಹಾಕಿದರು. ಆ ಹತ್ತಡಿಯ ಗೂಡಿನೊಳಗೆ ಉಳಿದವರು ಇಬ್ಬರು: ಹಂಗಾಮಿ ಅಧ್ಯಾಪಕ ಮತ್ತು ಬಿರುಗಾಳಿ.

ಪಂಢರಿನಾಥರು ಗೋಡೆಯತ್ತ ಮುಖ ಮಾಡಿ ನಿಂತು, ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿದರು. ಓದಿದ ಅಶ್ವವಿದ್ಯೆಯಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ನೆನಪಾದದ್ದು ಒಂದೇ: ಬೆಳಗ್ಗೆ ಅರ್ಧಕ್ಕೆ ಬಿಟ್ಟ ಪಾರಾಯಣ. ಅಪೂರ್ಣ ಪಾರಾಯಣದ ಪಾಪದೊಡನೆ ಪರಲೋಕಕ್ಕೆ ಹೋಗುವುದು ಬೇಡವೆಂದು, ಬಿಟ್ಟ ನಾಮದಿಂದಲೇ ಮುಂದಕ್ಕೆ ಹೇಳತೊಡಗಿದರು. ಮೊದಲು ನಾಮಗಳು ಒಂದರ ಮೇಲೊಂದು ಬಿದ್ದವು. ಹತ್ತು ನಾಮಗಳಾಗುವಷ್ಟರಲ್ಲಿ ಮೂವತ್ತು ವರ್ಷಗಳ ರೂಢಿಯು ನಾಲಿಗೆಯನ್ನು ವಶಕ್ಕೆ ತೆಗೆದುಕೊಂಡಿತು. ದನಿಯು ಇಳಿದು, ಗಾಣದ ಎತ್ತಿನಂತೆ ಒಂದೇ ಗತಿಯಲ್ಲಿ ಸುತ್ತತೊಡಗಿತು.

ಆದರೂ ಪ್ರಾಣದ ಆಸೆ ಬಿಡಲಿಲ್ಲ. ಪಾರಾಯಣದ ನಡುವೆ ಮಾತನಾಡುವಂತಿಲ್ಲವಲ್ಲ; ಅವರು ಕೈಯನ್ನು ಹಿಂದಕ್ಕೆ ಚಾಚಿ, ಚಿಲಕ ತೆಗೆಯಿರೆಂಬ ಅರ್ಥದಲ್ಲಿ ಜೋರಾಗಿ ಬೀಸಿದರು.

“ಮಾಸ್ತರ ಏನೋ ಹೇಳ್ಲಿಕತ್ತಾರ,” ಎಂದರು ಅಪ್ಪಾಸಾಹೇಬರು.

“ಎಲ್ಲಾರೂ ದೂರ ಸರೀರಿ ಅಂತಾರ್ರಿ,” ಎಂದು ಭಾಷ್ಯ ಮಾಡಿದ ಮಧುಕರ್.

ಪಂಢರಿನಾಥರು ಹತಾಶೆಯಿಂದ ಇನ್ನಷ್ಟು ಜೋರಾಗಿ ಬೀಸಿದರು.

“ಇನ್ನೂ ದೂರ ಅಂತ್ರಿ! ಆ ಟ್ಯಾಬಿನವರೂ ನಡೀಬೇಕಂತ. ಫೋನೂ ಬಂದ್ ಮಾಡ್ಬೇಕಂತ.”

ಎಲ್ಲರೂ ಐವತ್ತು ಹೆಜ್ಜೆ ಹಿಂದಕ್ಕೆ ಸರಿದರು. ಬೈಗುಳ ನಿಂತಿತು; ಗ್ರಾಫಿನ ವರ್ಣನೆ ನಿಂತಿತು; ವಾದಳನ ಮುಖಕ್ಕೆ ಏನನ್ನಾದರೂ ಹಿಡಿಯುವ ಕೈಗಳು ದೂರವಾದವು. ಉಳಿದದ್ದು ಹುಲ್ಲಿನ ವಾಸನೆ, ಮತ್ತು ಏರಿಳಿತವಿಲ್ಲದ ಆ ಒಂದು ದನಿ. ಆ ದನಿಯು ವಾದಳನಿಂದ ಏನನ್ನೂ ಕೇಳುತ್ತಿರಲಿಲ್ಲ. ಹಾರು ಎನ್ನುತ್ತಿರಲಿಲ್ಲ, ನಿಲ್ಲು ಎನ್ನುತ್ತಿರಲಿಲ್ಲ, ಅವನತ್ತ ತಿರುಗಿ ಕೂಡ ನೋಡುತ್ತಿರಲಿಲ್ಲ.

ವಾದಳನು ಒಂದು ಸುತ್ತು ತಿರುಗಿದ, ಅರ್ಧ ಸುತ್ತು ತಿರುಗಿದ, ನಿಂತ. ನಿಮಿರಿದ ಕಿವಿಗಳು ಮಧ್ಯಾಹ್ನದ ತರಗತಿಯ ಹಿಂದಿನ ಬೆಂಚಿನ ಹುಡುಗರಂತೆ ಬದಿಗೆ ಬಾಗಿದವು. ಪಂಢರಿನಾಥರಿಗೆ ಕತ್ತಿನ ಮೇಲೆ ಬೆಚ್ಚನೆಯ ಗಾಳಿ ಸುಳಿದಂತಾಯಿತು. ಭಗವಂತನ ಕೃಪೆಯೆಂದುಕೊಂಡರು. ಆ ಕೃಪೆಗೆ ಮೀಸೆಯಿರುವುದು ತಿಳಿದದ್ದು, ಅದು ಹೆಗಲ ಮೇಲೆ ಗದ್ದವನ್ನು ಊರಿದಾಗ. ಅವರು ಕಣ್ಣು ತೆರೆಯಲಿಲ್ಲ; ಪಾರಾಯಣವನ್ನೂ ಬಿಡಲಿಲ್ಲ.

ಬಾಗಿಲ ಬಳಿ ಹೆಜ್ಜೆಯ ಸಪ್ಪಳವಾಯಿತು. ಹರ್ಷದಾ ಮೆಲ್ಲಗೆ ಬಂದು ಚಿಲಕಕ್ಕೆ ಒರಗಿ ನಿಂತಳು. ಹಿಂದೆ ಮಾಂತು.

“ಸರ್, ಬಾಬಾಗ ಹೇಳಬ್ಯಾಡ್ರಿ,” ಎಂದಳು ಅವಳು, ದೂರದಲ್ಲಿದ್ದ ತಂದೆಯತ್ತ ನೋಡುತ್ತ, ಪಿಸುದನಿಯಲ್ಲಿ. “ಅಂಜಿಕಿ ವಾದಳಗ ಅಲ್ಲ, ನಂಗ. ಬಾಬಾ ಬಾಜೂಕ ನಿಂತು ‘ಉಡೀ ಮಾರ್, ಉಡೀ ಮಾರ್’, ಜಿಗಿ ಜಿಗಿ ಅಂತ ಒದರಿದ್ರ ನನ್ನ ಕೈ ನಡಗ್ತಾವ. ಲಗಾಮು ಬಿಗೀತದ. ಅದಕ್ಕ ಕೂಡಲೇ ತಿಳೀತದ.”

“ನಾಕು ವರ್ಷದಿಂದ ಇದನ್ನ ನಾ ಸಾಹೇಬ್ರಿಗೆ ಹೇಳಾಕತ್ತೇನಿ, ಅವ್ವಾ,” ಎಂದ ಮಾಂತು. “ಕುದುರಿಗೆ ಏನೂ ಆಗಿಲ್ಲ, ಸುತ್ತಲಿನ ಮಂದೀಗೆ ಆಗೇದ ಅಂತ. ನಾ ಹೇಳಿದ್ರ ಫುಕಟ್ಟು ಮಾತು. ಗ್ರಾಫ್ ಇಲ್ಲಲ್ಲ ನನ್ನ ಕಡೆ!”

“ಸರ್, ನಾ ಮೈದಾನದಾಗ ಇರೋತನಕ ಇದನ್ನ ಹಿಂಗ ಹೇಳ್ತೀರೇನು? ಇದನ್ನ ಕೇಳಿದ್ರ ನನ್ನ ಉಸುರೂ ನೆಟ್ಟಗ ಆಗ್ತದ.”

ಹುಡುಗಿಯ ದನಿಯಲ್ಲಿ ಅಳುವಿತ್ತು. ಪಂಢರಿನಾಥರು ತಲೆಯಾಡಿಸಿದರು. ಹೆಗಲ ಮೇಲಿನ ಗದ್ದವೂ ಜೊತೆಗೆ ಆಡಿತು.

ಹೀಗೆ, ಮುಂದೆ ಪಾರಾಯಣ, ಹಿಂದೆ ಕುದುರೆ, ಕುದುರೆಯ ಮೇಲೆ ಹರ್ಷದಾ. ಮೆರವಣಿಗೆಯು ಮೈದಾನದ ಕಟಕಟೆಯವರೆಗೆ ಬಂತು. ಜನ ದಾರಿ ಬಿಟ್ಟರು. ಕೆಲವರು ಕಾಲುಮುಟ್ಟಿ ನಮಸ್ಕರಿಸಿದರು. ಯಾರಿಗೆಂದು ಅವರಿಗೇ ತಿಳಿಯದು. ಗಂಟೆ ಬಡಿಯಿತು. ಹನ್ನೆರಡು ಬೇಲಿಗಳು. ಕಂಬ ಬಿದ್ದರೆ ಅಂಕ ಹೋಗುತ್ತದೆ. ಕುದುರೆ ಹಾರಲೊಲ್ಲೆನೆಂದು ಎರಡು ಸಲ ನಿಂತರೆ ಸ್ಪರ್ಧೆಯೇ ಹೋಗುತ್ತದೆ. ಪಂಢರಿನಾಥರ ಪಾಲಿಗೆ ಅದರೊಡನೆ ಹನ್ನೆರಡು ವರ್ಷಗಳ ತಪಸ್ಸೂ ಹೋಗುತ್ತದೆ.

ವಾದಳನು ಮೊದಲ ಬೇಲಿಯನ್ನು ಹಾರಿದ. ಎರಡನೆಯದನ್ನು ಹಾರಿದ. ಪಂಢರಿನಾಥರು ಕಟಕಟೆಗೆ ಒರಗಿ, ಕೈಮುಗಿದು, ಕಣ್ಣು ಮುಚ್ಚಿ ನಾಮಗಳನ್ನು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ತೀರ್ಪುಗಾರ ಮುನಿಸ್ವಾಮಿಯವರು ಧಾವಿಸಿ ಬಂದರು. ಕೋಲಾರದ ಕಡೆಯವರು, ದಂಡಿನಲ್ಲಿದ್ದು ನಿವೃತ್ತರಾಗಿ ಖಡಕಿಯಲ್ಲಿ ನೆಲೆಸಿದವರು. ಕೈಯಲ್ಲಿ ನಿಯಮಗಳ ಪುಸ್ತಕ.

“ಸ್ವಾಮಿ, ನಿಲ್ಲಿಸಿ! ಹೊರಗಡೆಯಿಂದ ಯಾರೂ ಕುದುರೆಗೆ ಹೇಳಿಕೊಡೋ ಹಾಗಿಲ್ಲ. ಹೇಳಿಕೊಟ್ರೆ ಕುದುರೆ ಔಟು.”

ಪಂಢರಿನಾಥರು ಮಾತನಾಡುವಂತಿಲ್ಲ. ನಾಮವನ್ನು ನಿಲ್ಲಿಸದೆ ಆಕಾಶದತ್ತ ಬೆರಳು ತೋರಿದರು.

“ಕುದುರಿಗೆ ಅಲ್ರಿ ಸಾಹೇಬ್ರ,” ಎಂದ ಮಧುಕರ್. “ಮ್ಯಾಲಿನವಗ ಹೇಳ್ಲಿಕತ್ತಾರ.”

ಮುನಿಸ್ವಾಮಿಯವರು ಆಕಾಶವನ್ನು ನೋಡಿದರು. ಬಳಿಕ ಪುಸ್ತಕವನ್ನು ತೆರೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಪುಟಗಳನ್ನು ತಿರುವಿದರು. ಶಿಳ್ಳೆಗೆ ನಿಷೇಧವಿತ್ತು, ಕೂಗಿಗೆ ನಿಷೇಧವಿತ್ತು, ಚಪ್ಪಾಳೆಗೂ ಇತ್ತು. ಪರಮಾತ್ಮನನ್ನು ಸಂಬೋಧಿಸಬಾರದೆಂದು ಎಲ್ಲಿಯೂ ಬರೆದಿರಲಿಲ್ಲ.

“ಮೇಲಿನವರಿಗಾದ್ರೆ ಸರಿ,” ಎಂದರು ಕಡೆಗೆ. “ಆದ್ರೆ ಕುದುರೆ ಹೆಸರೆತ್ತಬಾರದು. ನಾನು ಇಲ್ಲೇ ನಿಂತು ಕೇಳಿಸ್ಕೋತೀನಿ.”

ಐದು. ಆರು. ಏಳು. ಕಂಬವೊಂದೂ ಅಲುಗಲಿಲ್ಲ. ಎಂಟು. ಒಂಬತ್ತನೆಯ ಬೇಲಿಯಲ್ಲಿ ವಾದಳನು ಗಾಳಿಯಲ್ಲಿದ್ದಾಗ, ಪಂಢರಿನಾಥರಿಗೆ ಒಂದು ಸಂಗತಿ ಹೊಳೆಯಿತು. ಪಾರಾಯಣ ಮುಗಿಯುತ್ತ ಬಂದಿತ್ತು. ಅರ್ಧವನ್ನು ಮನೆಯಲ್ಲಿಯೇ ಹೇಳಿದ್ದ ಫಲ! ನಾಮಗಳು ತೀರಿದವು, ಮಂಗಳವೂ ತೀರಿತು. ದನಿ ನಿಂತಿತು.

ವಾದಳನ ಒಂದು ಕಿವಿ ಹಿಂದಕ್ಕೆ ತಿರುಗಿತು. ಹರ್ಷದಾಳ ಹೆಗಲು ಬಿಗಿಯಿತು. ಮೈದಾನದ ಬಾಗಿಲ ಬಳಿ ಅಪ್ಪಾಸಾಹೇಬರು ಎದೆ ತುಂಬ ಉಸಿರೆಳೆದು, “ಉಡೀ—” ಎಂದು ಬಾಯಿ ತೆರೆದರು.

ಏನನ್ನಾದರೂ ಹೇಳಬೇಕಿತ್ತು. ಆಪತ್ತಿನಲ್ಲಿ ಕರ್ಣನಿಗೆ ಅಸ್ತ್ರಗಳು ಮರೆತಂತೆ, ಕಲಿತ ಸ್ತೋತ್ರಗಳೆಲ್ಲ ಪಂಢರಿನಾಥರಿಗೆ ಮರೆತುಹೋದವು. ಒಂದೇ ಒಂದು ರಚನೆ ನಾಲಿಗೆಯ ತುದಿಯಲ್ಲಿ ನಿಂತಿತ್ತು. ಅದನ್ನು ಅವರು ವರ್ಷಕ್ಕೊಮ್ಮೆ ತಪ್ಪದೆ, ಸ್ವಹಸ್ತದಿಂದ ಬರೆದು, ಸಲ್ಲಿಸಿ, ಕಂಠಸ್ಥ ಮಾಡಿಕೊಂಡಿದ್ದರು. ಅದೇ ರಾಗ, ಅದೇ ಗತಿ:

“ಸಪ್ರೇಮ ನಮಸ್ಕಾರ ವಿನಂತಿ ವಿಶೇಷ! ಮಾನ್ಯ ಅಧ್ಯಕ್ಷರ ಚರಣಕಮಲಗಳಲ್ಲಿ, ಹನ್ನೆರಡು ವರ್ಷಗಳಿಂದ, ಹಂಗಾಮಿಯಾಗಿ, ಅಖಂಡವಾಗಿ, ಸೇವೆ ಸಲ್ಲಿಸುತ್ತಿರುವ...”

ಅರ್ಜಿಯ ಭಾಷೆ ಮರಾಠಿ; ಇಲ್ಲಿರುವುದು ಅದರ ಕನ್ನಡ. ರಾಗ ಮಾತ್ರ ಪಾರಾಯಣದ್ದೇ. ವಾದಳನ ಕಿವಿ ಸ್ವಸ್ಥಾನಕ್ಕೆ ಮರಳಿತು. ಹರ್ಷದಾಳ ಹೆಗಲು ಇಳಿಯಿತು. ಅಪ್ಪಾಸಾಹೇಬರ ತೆರೆದ ಬಾಯಿ ಹಾಗೆಯೇ ಉಳಿಯಿತು.

“...ಜ್ವರ ಬಂದಾಗಲೂ ರಜೆ ಪಡೆಯದ, ಪರೀಕ್ಷೆ, ಚುನಾವಣೆ, ಜನಗಣತಿಗಳಲ್ಲಿ ಕರೆದಲ್ಲಿಗೆ ಹೋದ...”

ಹತ್ತನೆಯ ಬೇಲಿ.

“...ತನಗಿಂತ ಹಿಂದೆ ಬಂದವರು ಕಾಯಂ ಆಗಿ ಮುಂದೆ ಹೋದದ್ದನ್ನು ನಗುತ್ತ ನೋಡಿದ, ಹೆಂಡತಿಯ ಪ್ರಶ್ನೆಗೆ ಉತ್ತರವಿಲ್ಲದ...”

ಹನ್ನೊಂದನೆಯದು! ಬೇಲಿಗೂ ಹೊಟ್ಟೆಗೂ ನಡುವೆ ಒಂದು ಮೊಳ ಗಾಳಿ.

“...ಈ ದೀನನ ಮೇಲೆ ಕೃಪಾದೃಷ್ಟಿ ಬೀರಿ, ಕಾಯಂಗೊಳಿಸಬೇಕೆಂದು, ಕಾಯಂಗೊಳಿಸಬೇಕೆಂದು, ಕಾಯಂಗೊಳಿಸಬೇಕೆಂದು ಪ್ರಾರ್ಥನೆ!”

ಹನ್ನೆರಡನೆಯ ಬೇಲಿಯನ್ನು ವಾದಳನು ಹಾರಿದ ರೀತಿಯನ್ನು ನೋಡಿ, ಧ್ವನಿವರ್ಧಕದವನೇ ಮೂಕನಾದ. ಕಟಕಟೆಯ ಸುತ್ತ ಕೆಲವು ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುನಿಸ್ವಾಮಿಯವರು ಪುಸ್ತಕವನ್ನು ಮುಚ್ಚಿ, “ಕುದುರೆ ಹೆಸರು ಬರಲಿಲ್ಲ,” ಎಂದು ತೀರ್ಪು ಕೊಟ್ಟರು. ಒಂದು ಕಂಬವೂ ಬಿದ್ದಿರಲಿಲ್ಲ. ಪ್ರಥಮ ಬಹುಮಾನ ವಾದಳನಿಗೆ.

ಸುಹಾಸನು ಬಂದವರಿಗೆಲ್ಲ ಟ್ಯಾಬನ್ನು ತೋರಿಸುತ್ತ, ತನ್ನ ತೈಲವು ನಿಧಾನವಾಗಿ ಕೆಲಸ ಮಾಡುವ ಜಾತಿಯದೆಂದು ವಿವರಿಸತೊಡಗಿದ. ಅವನತ್ತ ಯಾರ ಲಕ್ಷ್ಯವೂ ಇರಲಿಲ್ಲ. ಅಪ್ಪಾಸಾಹೇಬರು ಪಂಢರಿನಾಥರನ್ನು ಬಿಗಿದಪ್ಪಿ, ಜನರೆಲ್ಲರ ಎದುರಿಗೆ ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟರು.

“ಮಾಸ್ತರ, ಹನ್ನೆರಡು ವರ್ಷ ನಿಮ್ಮ ಅರ್ಜಿ ನನ್ನ ಟೇಬಲ್ಲಿಗೆ ಬಂದದ. ಒಮ್ಮೆನೂ ಓದಿಲ್ಲ ನೋಡ್ರಿ. ಇವತ್ತ ಕೇಳಿದೆ. ನನ್ನ ಕಣ್ಣಾಗ ನೀರು ಬಂತು.”

ಅವರು ಕಿಸೆಯಿಂದ ಆರ್ಡರನ್ನು ತೆಗೆದು ಕಾರಿನ ಬಾನೆಟ್ಟಿನ ಮೇಲೆ ಹರಡಿದರು. ಪೆನ್ನಿನ ಟೊಪ್ಪಿಗೆ ತೆಗೆದರು. ಪಂಢರಿನಾಥರು ಮನಸ್ಸಿನಲ್ಲಿಯೇ ಕುಲದೇವರಿಗೆ ನೂರೆಂಟು ಪ್ರದಕ್ಷಿಣೆಯ ಹರಕೆ ಹೊತ್ತರು. ಪೆನ್ನಿನ ಮೊನೆ ಕಾಗದಕ್ಕೆ ತಾಗುವಷ್ಟರಲ್ಲಿ, ಹರ್ಷದಾ ಸಂತೋಷದಿಂದ ಓಡಿ ಬಂದಳು.

“ಬಾಬಾ, ಕಡೀ ಮೂರು ಬೇಲಿ ನೋಡಿದ್ರೇನು? ಮೊದಲಿನ ಒಂಬತ್ತು ಚಲೋ ಇದ್ವು. ಆದ್ರ ಆ ಅರ್ಜಿ ಶುರು ಆದ ಮ್ಯಾಲೆ ವಾದಳ ಹಾರಿದ್ದು ಬ್ಯಾರೇನ! ಆ ದನೀದಾಗ ಎಂಥಾ ಕಳಕಳಿ ಇತ್ತು ಅಂದ್ರ, ನಂಗೂ ಏನೋ ಬಿಟ್ಟುಕೊಡಬಾರದು ಅನ್ನಿಸ್ತು.”

ಪೆನ್ನು ನಿಂತಿತು. ಅಪ್ಪಾಸಾಹೇಬರು ತಲೆಯೆತ್ತಿ, ಮಗಳನ್ನು ನೋಡಿದರು, ಕುದುರೆಯನ್ನು ನೋಡಿದರು, ಬಳಿಕ ಬಹಳ ಹೊತ್ತು ಪಂಢರಿನಾಥರನ್ನು ನೋಡಿದರು.

“ಮಾಸ್ತರ, ಒಂದು ಮಾತು ಖರೇ ಹೇಳ್ರಿ. ನೀವು ದೇವರ ಮನಿಶ್ಯಾರು. ಕಾಯಂ ಆದ ಮ್ಯಾಲೆ ಈ ಅರ್ಜಿ ಹಿಂಗ ಹೇಳ್ತೀರೇನು? ಇಷ್ಟ ಕಳಕಳೀಲೆ?”

ಪಾರಾಯಣವನ್ನು ಮುಗಿಸಿದ ನಾಲಿಗೆ. ಅದರ ಮೇಲೆ ಸುಳ್ಳು ಬರುವ ದಾರಿಯೇ ಇರಲಿಲ್ಲ.

“ಅದು... ಹ್ಯಾಂಗ ಸಾಧ್ಯರೀ, ಸಾಹೇಬ್ರ?” ಎಂದರು ಪಂಢರಿನಾಥರು. “ಕಾಯಂ ಆದ ಮ್ಯಾಲೆ ಆ ಕಳಕಳಿ ನಾ ಎಲ್ಲಿಂದ ತರ್ಲಿ?”

“ಬರೋಬ್ಬರಿ!” ಅಪ್ಪಾಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. “ನಮ್ಮ ಕಾಲೇಜಿನಾಗ ಕಾಯಂ ಆದವರು ನಲವತ್ತು ಮಂದಿ ಅದಾರ. ಅವರು ಬಾಯಿ ತೆರೆದ್ರ ಕುದುರಿ ಹೋಗ್ಲಿ, ನೊಣಾ ಸೈತ ಏಳೂದಿಲ್ಲ. ನಿಮ್ಮನ್ನ ನಾ ಅವರ ಸಾಲಿನ್ಯಾಗ ಕೂಡ್ಸಿ ಹಾಳು ಮಾಡ್ಲೇನು? ಆ ಪಾಪ ನಂಗ ಬ್ಯಾಡ್ರಿ.” ಅವರು ಆರ್ಡರನ್ನು ನಾಲ್ಕು ಮಡಿಕೆ ಮಡಿಸಿ, ಅತ್ಯಂತ ಗೌರವದಿಂದ ಕಿಸೆಗೆ ಸೇರಿಸಿದರು. “ಸಂಸ್ಕೃತ ವಿಭಾಗ ಇರ್ತದ, ಕ್ಯಾಂಟೀನಿಗೆ ಬ್ಯಾರೆ ಖೋಲಿ ಹುಡುಕೋಣು. ನೀವು ಮಾತ್ರ ಹಿಂಗ ಇರ್ರಿ. ಹಿಂಗ... ಅಖಂಡವಾಗಿ.”

ಚಪ್ಪಾಳೆ ಬಿತ್ತು. ವಾದಳನು ಬಂದು ಪಂಢರಿನಾಥರ ಹೆಗಲ ಮೇಲೆ ಗದ್ದವನ್ನು ಊರಿ, ಹೊಸ ಶಾಲಿನ ಅಂಚನ್ನು ಮೆಲ್ಲತೊಡಗಿದ. ಅವರು ಅವನನ್ನು ದೂಡಲಿಲ್ಲ. ಭಯವೊಂದು ಹೋಗಿತ್ತು, ಅದರೊಡನೆ ಇನ್ನೂ ಏನೇನೋ ಹೋಗಿತ್ತು.

ಮರಳುವಾಗ ಕಾರಿನಲ್ಲಿ ಮಧುಕರ್ ಸಮಾಧಾನ ಹೇಳಿದ. “ಯಾಕ ಮುಖ ಸಣ್ಣದ ಮಾಡ್ತೀರಿ, ಆಚಾರ್ರ? ನೌಕರಿ ಉಳೀತಲ್ಲ. ಹಾಂ, ಮರ್ತಿದ್ದೆ. ಮುಂದಿನ ಸ್ಪರ್ಧಾದಾಗ ಬೇಲಿ ಹದಿನೈದಂತ. ಅರ್ಜಿಗೆ ಇನ್ನ ಮೂರು ಪ್ಯಾರಾ ಸೇರಿಸಿಡ್ರಿ ಅಂದಾರ ಸಾಹೇಬ್ರು. ಸ್ವಲ್ಪ ದುಃಖ ಹೆಚ್ಚಿಗಿ ಇರ್ಲಿ ಅಂತ.”

ಮನೆಯ ಬಾಗಿಲಲ್ಲಿ ಶಾಮಲಾ ಕಾಯುತ್ತ ನಿಂತಿದ್ದಳು. ಗಂಡನ ಮೈಮೇಲಿನ ಶಾಲು ಕಂಡು ಮುಖ ಅರಳಿತು. ಅದರ ಅರ್ಧ ತಿಂದ ಅಂಚನ್ನು ಕಂಡು ಹುಬ್ಬು ಮೇಲೇರಿತು.

“ಸಹಿ ಆತೇನ್ರಿ?”

ಪಂಢರಿನಾಥರು ತೆಂಗಿನಕಾಯಿಯನ್ನು ಅವಳ ಕೈಗಿಟ್ಟು, ಮುಂಜಾಗ್ರತೆಯಾಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

“ಕುದುರಿ ಶಾಂತ ಆತು, ಶಾಮಲಾ,” ಎಂದರು. “ಈಗ ನೀ ಒಬ್ಬಾಕಿ ಆಗ್ಬೇಕು.”

ಈ ಕತೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ತುರಗವದನನಾದ ಸ್ವಾಮಿಯು ಒಳಿತನ್ನು ಮಾಡಲಿ. ಅವರವರ ಎದೆಯೊಳಗಿನ ಕುದುರೆಗಳು ಗುಂಪನ್ನು ಕಂಡು ಬೆದರದಿರಲಿ; ಲಗಾಮು ಹಿಡಿದ ಕೈಗಳು ನಡುಗದಿರಲಿ; ಬೇಲಿಯ ಬದಿಯಲ್ಲಿ ನಿಂತು ಕೂಗುವವರ ಬಾಯಿಗೆ ವಿಶ್ರಾಂತಿ ದೊರೆಯಲಿ. ಅರ್ಜಿ ಬರೆದು ಕಾಯುತ್ತಿರುವ ಸಕಲರಿಗೂ ಸಹಿಯ ಯೋಗವು ಕೂಡಿಬರಲಿ. ಅದು ಕೂಡಿಬರುವ ತನಕ ಮನೆಯಲ್ಲಿ ಶಾಂತಿ ನೆಲೆಸಿರಲಿ. ತಥಾಸ್ತು.